ಅಯೋವಾದ ಹೆದ್ದಾರಿ ಹೊಸ ಟ್ರಕ್ ಚಾಲಕರಿಗೆ ಸುಲಭವೇ?

ಪ್ರಶ್ನೆ: ನನಗೆ ಈಗಷ್ಟೇ ಟ್ರಕ್ ಓಡಿಸುವ ಲೈಸೆನ್ಸ್ ಸಿಕ್ಕಿದೆ. ಮುಂದಿನ ತಿಂಗಳಿಂದ ಶಿಕಾಗೊ ಪಕ್ಕದ ಜೋಲಿಯೆಟ್‌ನಿಂದ ಒಮಾಹಾಕ್ಕೆ ಇಂಟರ್‌ಸ್ಟೇಟ್ 80 ಹೆದ್ದಾರಿಯಲ್ಲಿ ವಾರವಾರವೂ ಹೋಗಿಬರುವ ಕೆಲಸ. ದಾರಿ ನೇರ, ನೆಲ ಸಮತಟ್ಟು, ಹೊಸಬರಿಗೆ ಇದಕ್ಕಿಂತ ಸುಲಭದ ರಸ್ತೆಯಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಯಾವುದಕ್ಕೆ ಸಿದ್ಧನಾಗಿರಬೇಕು?

ಉತ್ತರ: ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರಿಸಿದ್ದೇನೆಂಬ ಲೆಕ್ಕ ತಪ್ಪಿಹೋಗಿದೆ. ಪ್ರತಿ ಸಲವೂ "ಎಲ್ಲರೂ ಹೇಳುತ್ತಾರೆ" ಎಂಬ ಮಾತು ಅದರೊಂದಿಗೇ ಬರುತ್ತದೆ. ಆದ್ದರಿಂದ ದಾರಿಯ ವಿವರವನ್ನು ಬೇಗ ಮುಗಿಸಿ, ಆ ಮಾತಿಗೇ ಬರುತ್ತೇನೆ.

ಜೋಲಿಯೆಟ್‌ನಿಂದ ಒಮಾಹಾಕ್ಕೆ ಸುಮಾರು 440 ಮೈಲಿ. ಅದರಲ್ಲಿ 300ಕ್ಕೂ ಹೆಚ್ಚು ಮೈಲಿ ಅಯೋವಾ ರಾಜ್ಯದ್ದು. ಲೆ ಕ್ಲೇರ್ ಬಳಿ ಮಿಸಿಸಿಪ್ಪಿ ನದಿಯನ್ನು ದಾಟುತ್ತೀರಿ, ಕೌನ್ಸಿಲ್ ಬ್ಲಫ್ಸ್ ಊರು ಮುಗಿದ ಕೂಡಲೇ ಮಿಸೌರಿ ನದಿಯನ್ನು. ನಡುವೆ ಡೆ ಮೊಯಿನ್ ಊರಿನ ಅಂಚಿನಲ್ಲಿ ಇಂಟರ್‌ಸ್ಟೇಟ್ 35 ಬಂದು ಕೂಡಿಕೊಳ್ಳುವ ಕಡೆ ಬೆಳಿಗ್ಗೆ ಮತ್ತು ಸಂಜೆ ವಾಹನಗಳ ದಟ್ಟಣೆ ಇರುತ್ತದೆ. ಸರಕು ಸೇರಿ ಟ್ರಕ್ಕಿನ ಒಟ್ಟು ತೂಕ 80,000 ಪೌಂಡು ಮೀರಬಾರದು, ಜೋಡಿ ಆಕ್ಸಲ್‌ ಮೇಲಿನ ತೂಕ 34,000 ಪೌಂಡು ಮೀರಬಾರದು ಎಂಬುದನ್ನು ನಿಮಗೆ ತರಬೇತಿಯಲ್ಲೇ ಹೇಳಿಕೊಟ್ಟಿರುತ್ತಾರೆ.

ಇನ್ನು ಆ "ಸುಲಭ" ಎಂಬ ನಂಬಿಕೆ. ಮೊದಲನೆಯದಾಗಿ, ಅಯೋವಾ ಸಮತಟ್ಟಾಗಿಲ್ಲ. ಜೋಳದ ಹೊಲಗಳ ನಡುವೆ ರಸ್ತೆ ಅಲೆಯಂತೆ ಏರಿ ಇಳಿಯುತ್ತಲೇ ಇರುತ್ತದೆ, ತುಂಬಿದ ಟ್ರಕ್ಕು ಒಂದೊಂದು ಏರಿನಲ್ಲೂ ವೇಗ ಕಳೆದುಕೊಳ್ಳುತ್ತದೆ. ಜನರು ಬಣ್ಣಿಸುವ ದಾರದಂಥ ನೇರ ರಸ್ತೆ ಇರುವುದು ಒಮಾಹಾದಿಂದ ಆಚೆಗೆ, ನೆಬ್ರಾಸ್ಕಾದಲ್ಲಿ. ಲಿಂಕನ್ ಮತ್ತು ಗ್ರ್ಯಾಂಡ್ ಐಲೆಂಡ್ ನಡುವೆ ಸುಮಾರು 72 ಮೈಲಿ ರಸ್ತೆಗೆ ತಿರುವೆಂಬುದೇ ಇಲ್ಲವೆನ್ನಬಹುದು. ನಿಮ್ಮ ಕೆಲಸ ಅಲ್ಲಿಯವರೆಗೆ ಹೋಗುವುದೇ ಇಲ್ಲ.

ಇದಕ್ಕಿಂತ ದೊಡ್ಡದು ಗಾಳಿ. ಅಯೋವಾದಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯಂತ್ರಗಳಿಂದಲೇ ಬರುತ್ತದೆ ಎಂದರೆ ಅಲ್ಲಿನ ಗಾಳಿ ಎಂಥದ್ದೆಂದು ಯೋಚಿಸಿ. 53 ಅಡಿ ಉದ್ದದ, ಹದಿಮೂರೂವರೆ ಅಡಿ ಎತ್ತರಕ್ಕೆ ನಿಲ್ಲುವ ಟ್ರೇಲರು ಆ ಗಾಳಿಗೆ ಅಡ್ಡಲಾಗಿ ಹಿಡಿದ ಗೋಡೆಯಿದ್ದಂತೆ. ಸರಕು ಇಳಿಸಿದ ಖಾಲಿ ಟ್ರಕ್ಕು ಸುಮಾರು 35,000 ಪೌಂಡು ಮಾತ್ರ ತೂಗುತ್ತದೆ, ಗೋಡೆ ಮಾತ್ರ ಅಷ್ಟೇ ದೊಡ್ಡದಾಗಿರುತ್ತದೆ. ನೀರಿನ ಟ್ಯಾಂಕಿನ ಮೇಲೆ ಹಳದಿ ನಗುಮುಖ ಬರೆದಿರುವ ಅಡೇರ್ ಎಂಬ ಊರಿನ ಬಳಿ ಪಶ್ಚಿಮಕ್ಕೆ ಹೋಗುವಾಗ ವಾಯವ್ಯದ ಗಾಳಿ ಬಲಗಡೆಯಿಂದ ತಳ್ಳುತ್ತದೆ. ಟ್ರಕ್ಕು ನೆಟ್ಟಗೆ ಹೋಗಲೆಂದು ನೀವು ಸ್ಟೀರಿಂಗನ್ನು ಕೊಂಚ ಬಲಕ್ಕೆ ಹಿಡಿದೇ ಇರುತ್ತೀರಿ. ಮೇಲ್ಸೇತುವೆಯೊಂದರ ಕೆಳಗೆ ನುಗ್ಗಿದ ಕ್ಷಣ ಗಾಳಿ ನಿಂತುಹೋಗುತ್ತದೆ, ಟ್ರಕ್ಕು ತಟ್ಟನೆ ಬಲಕ್ಕೆ, ರಸ್ತೆಯ ಅಂಚಿನ ಕಡೆಗೆ ಜಗ್ಗುತ್ತದೆ; ಗಾಬರಿಯಿಂದ ಎಡಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಸೇತುವೆ ದಾಟಿ ಗಾಳಿ ಮತ್ತೆ ಬಡಿಯುತ್ತದೆ. ಇದನ್ನು ಒಮ್ಮೆ ಅನುಭವಿಸಿದವರು ರಸ್ತೆ ನೇರವಾಗಿದೆ ಎಂದು ಸಮಾಧಾನ ಪಡುವುದಿಲ್ಲ. 2020ರ ಆಗಸ್ಟ್ 10ರಂದು ಅಯೋವಾವನ್ನು ಹಾದುಹೋದ ಬಿರುಗಾಳಿಯ ಸಾಲು ಧಾನ್ಯದ ಕಣಜಗಳನ್ನೇ ಮುದುರಿ ಹಾಕಿತ್ತು. ಖಾಲಿ ಟ್ರೇಲರಿದ್ದು, ಜೋರು ಗಾಳಿಯ ಎಚ್ಚರಿಕೆಯೂ ಬಂದಿದ್ದರೆ ನಿಲ್ಲಿಸಿಬಿಡಿ.

ಚಳಿಗಾಲದ ಮಾತು ಬೇರೆಯೇ. ಮಳೆ ಹನಿಯುತ್ತಾ ತಾಪಮಾನ ಸೊನ್ನೆಯ ಹತ್ತಿರಕ್ಕೆ ಇಳಿದಾಗ ಮುಂದಿನ ವಾಹನದ ಚಕ್ರಗಳನ್ನು ನೋಡುತ್ತಿರಿ. ಅವುಗಳಿಂದ ನೀರು ಸಿಡಿಯುತ್ತಿದ್ದರೆ ರಸ್ತೆ ಬರೀ ಒದ್ದೆಯಾಗಿದೆ ಎಂದರ್ಥ. ರಸ್ತೆ ಹಾಗೆಯೇ ಹೊಳೆಯುತ್ತಿದ್ದು ಸಿಡಿಯುವ ನೀರು ಮಾತ್ರ ಮಾಯವಾಗಿದ್ದರೆ, ಅದು ಮಂಜುಗಡ್ಡೆಯಾಗಿದೆ. ನನ್ನ ಕೈಕೆಳಗೆ ಕಲಿತವರಿಗೆಲ್ಲ ಮೊದಲ ದಿನವೇ ಇದನ್ನು ಹೇಳಿಕೊಟ್ಟಿದ್ದೇನೆ. ಅವರಲ್ಲಿ ಒಬ್ಬಿಬ್ಬರು ವರ್ಷಗಳ ನಂತರ ಫೋನ್ ಮಾಡಿ ಇದೇ ಮಾತನ್ನು ನೆನೆದಾಗ ಕಲಿಸಿದ್ದು ಸಾರ್ಥಕವೆನಿಸಿತು. ವೇಗವನ್ನು ತಾನೇ ಒಂದೇ ಸಮ ಇಟ್ಟುಕೊಳ್ಳುವ ಕ್ರೂಸ್ ಕಂಟ್ರೋಲನ್ನು ಒದ್ದೆ ರಸ್ತೆಯಲ್ಲೇ ಆರಿಸಿಬಿಡಿ, ಮಂಜುಗಡ್ಡೆ ಕಾಣಲೆಂದು ಕಾಯಬೇಡಿ.

"ಸುಲಭ" ಎನ್ನುವವರು ಗಡಿಯಾರದ ಲೆಕ್ಕವನ್ನೂ ತಪ್ಪಾಗಿಯೇ ಹಾಕುತ್ತಾರೆ. ಕಾನೂನಿನಂತೆ ದಿನಕ್ಕೆ 11 ಗಂಟೆ ಓಡಿಸಬಹುದು, ಗಂಟೆಗೆ 70 ಮೈಲಿಯಂತೆ 770 ಮೈಲಿ ಎಂದು ಗುಣಿಸಿ ಹೇಳುವವರು ನನಗೆ ಈಗಲೂ ಸಿಗುತ್ತಾರೆ. ಆ 11 ಗಂಟೆಗಳು ಕೆಲಸ ಆರಂಭಿಸಿದ ಹೊತ್ತಿನಿಂದ 14 ಗಂಟೆಗಳ ಒಳಗೇ ಮುಗಿಯಬೇಕು, ಊಟಕ್ಕೆಂದು ಅರ್ಧ ಗಂಟೆ ನಿಲ್ಲಿಸಿದರೂ ಆ 14 ಗಂಟೆಗಳ ಎಣಿಕೆ ನಿಲ್ಲುವುದಿಲ್ಲ. ಬೆಳಗಿನ ನಾಲ್ಕಕ್ಕೆ ಕೆಲಸ ಆರಂಭಿಸಿ, ಗೋದಾಮಿನಲ್ಲಿ ಸರಕು ತುಂಬುವುದನ್ನು ಕಾಯುತ್ತಾ ಒಂಬತ್ತಾಯಿತೆನ್ನಿ. ಸಂಜೆ ಆರಕ್ಕೆ ಓಡಿಸುವುದನ್ನು ನಿಲ್ಲಿಸಲೇಬೇಕಾದ್ದರಿಂದ ನಿಮಗೆ ಉಳಿಯುವುದು ಒಂಬತ್ತೇ ಗಂಟೆ. ಅದರಲ್ಲಿ ಒಮಾಹಾ ತಲುಪಬಹುದು, ಆದರೆ ಹಿಮ ಬಿದ್ದ ದಿನ ಆಗುವುದಿಲ್ಲ. 2017ರ ಡಿಸೆಂಬರ್‌ನಿಂದ ಹೆಚ್ಚಿನ ಟ್ರಕ್ಕುಗಳಲ್ಲಿ ಓಡಿಸಿದ ಹೊತ್ತನ್ನು ತಾನೇ ದಾಖಲಿಸುವ ಎಲೆಕ್ಟ್ರಾನಿಕ್ ಲಾಗ್ ಕಡ್ಡಾಯವಾಗಿರುವುದರಿಂದ ಹಿಂದಿನ ಕಾಲದಂತೆ ಪುಸ್ತಕದಲ್ಲಿ ತಿದ್ದಿ ಬರೆಯುವ ದಾರಿಯೂ ಇಲ್ಲ, ಇರಲೂ ಬಾರದು. ಸಂಜೆ ನಿಲ್ಲಿಸುವ ಜಾಗವನ್ನು ಬೆಳಿಗ್ಗೆಯೇ ಗೊತ್ತುಮಾಡಿಕೊಳ್ಳಿ. 1964ರಿಂದ ನಡೆದುಬಂದಿರುವ ವಾಲ್ಕಾಟ್‌ನ ವಿಶಾಲವಾದ ಟ್ರಕ್ ನಿಲ್ದಾಣ ಬಿಟ್ಟರೆ, ಕತ್ತಲಾದ ಮೇಲೆ ಖಾಲಿ ಜಾಗ ಸಿಗುತ್ತದೆಂದು ನಂಬಿ ಹೋಗಬಹುದಾದ ಕಡೆಗಳು ಕಡಿಮೆ.

ನೀವು ಕೇಳದಿದ್ದರೂ ಇನ್ನೊಂದು ವಿಷಯವನ್ನು ಹೇಳಬೇಕು. ಆ ವಾಲ್ಕಾಟ್ ನಿಲ್ದಾಣ ಇರುವುದು ಎಕ್ಸಿಟ್ 284ರಲ್ಲಿ. ಹೆದ್ದಾರಿಯಿಂದ ಹೊರಹೋಗುವ 284ನೆಯ ದಾರಿ ಎಂದು ಅದರರ್ಥವಲ್ಲ. ಅಯೋವಾದ ಪಶ್ಚಿಮದ ಗಡಿಯಿಂದ ಅಷ್ಟು ಮೈಲಿ ದೂರ. ಎಣಿಕೆ ಪ್ರತಿ ರಾಜ್ಯದಲ್ಲೂ ಪಶ್ಚಿಮದ ಗಡಿಯಿಂದ ಹೊಸದಾಗಿ ಆರಂಭವಾಗುವುದರಿಂದ, ನೀವು ಪಶ್ಚಿಮಕ್ಕೆ ಹೋಗುವಾಗ ಇಲಿನಾಯ್‌ನಲ್ಲಿ ಸಂಖ್ಯೆ ಇಳಿಯುತ್ತಾ ಬಂದು, ಮಿಸಿಸಿಪ್ಪಿ ದಾಟಿದ ಕೂಡಲೇ ಮತ್ತೆ 300ರ ಮೇಲಕ್ಕೆ ಏರುತ್ತದೆ. ಹಾಗಾಗಿ ಕೆಟ್ಟು ನಿಂತಾಗ ತುರ್ತು ಸಹಾಯದ ಸಂಖ್ಯೆ 911ಕ್ಕೆ ಕರೆ ಮಾಡಿದರೆ ಬರೀ ಸಂಖ್ಯೆ ಹೇಳಿದರೆ ಸಾಲದು. ಮೊದಲು ರಾಜ್ಯ, ಆಮೇಲೆ ಹೆದ್ದಾರಿ, ಯಾವ ದಿಕ್ಕಿಗೆ ಹೋಗುತ್ತಿದ್ದಿರಿ ಎಂಬುದು, ಕೊನೆಗೆ ನೀವು ದಾಟಿಬಂದ ಮೈಲಿಗಲ್ಲಿನ ಸಂಖ್ಯೆ: ಈ ನಾಲ್ಕನ್ನೂ ಇದೇ ಕ್ರಮದಲ್ಲಿ ಹೇಳಿ.