ಜೂನ್ ತಿಂಗಳ ಗಿಡ್ಡ ಪ್ಯಾಂಟು: ಬೆಳಕಿನ ಪಾಲೆಷ್ಟು?

ಜೂನ್ ಮೊದಲ ವಾರ ಬೀರುವಿನಿಂದ ತೆಗೆದ ಯೂನಿಫಾರ್ಮ್ ಪ್ಯಾಂಟು ಕಣಕಾಲಿನಿಂದ ಮೇಲೆಯೇ ನಿಂತುಬಿಡುತ್ತದೆ. ‘ರಜೆಯಲ್ಲಿ ಅಜ್ಜಿ ಮನೇಲಿ ಬಿಸಿಲಲ್ಲಿ ಕುಣಿದು ಹೆಂಗೆ ಎತ್ತರ ಆಗಿದ್ದಾನೆ ನೋಡಿ ಡಾಕ್ಟ್ರೇ’ ಎನ್ನುವ ಮಾತು ಮಕ್ಕಳ ಕ್ಲಿನಿಕ್ಕುಗಳಿಗೆ ಹೊಸದಲ್ಲ. ಆದರೆ ಆ ಪ್ಯಾಂಟು ಹೊಲಿಸಿದ್ದು ಹಿಂದಿನ ಜೂನ್‌ನಲ್ಲಿ. ಹನ್ನೆರಡು ತಿಂಗಳ ಬೆಳವಣಿಗೆಯನ್ನು ಎರಡು ತಿಂಗಳ ರಜೆಯ ಖಾತೆಗೆ ಜಮಾ ಮಾಡುತ್ತಿದ್ದೇವೆ, ಅಷ್ಟೇ. ಐದು ವರ್ಷ ದಾಟಿ ಇನ್ನೂ ಪ್ರೌಢತೆಗೆ ಬಾರದ ಮಗು ವರ್ಷಕ್ಕೆ ಬೆಳೆಯುವುದು ಸುಮಾರು 5ರಿಂದ 6 ಸೆಂ.ಮೀ. ರಜೆಯ ಪಾಲು ಅದರಲ್ಲಿ 1 ಸೆಂ.ಮೀ. ಆಸುಪಾಸು.

ಹಾಗೆಂದು ಋತುವಿಗೂ ಎತ್ತರಕ್ಕೂ ನಂಟೇ ಇಲ್ಲ ಎನ್ನುವಂತಿಲ್ಲ. ಫ್ರಾನ್ಸಿನ ಮಾಂಬೇಯಾರ್ 1759ರಿಂದ 1777ರವರೆಗೆ ತನ್ನ ಮಗನ ಎತ್ತರ ಬರೆದಿಟ್ಟ. ಆ ಅಂಕಿಗಳನ್ನು ಪ್ರಕಟಿಸಿದ ನಿಸರ್ಗ ವಿಜ್ಞಾನಿ ಬುಫಾನ್, ಬೇಸಿಗೆಯಲ್ಲಿ ಹುಡುಗ ಹೆಚ್ಚು ಬೆಳೆದದ್ದನ್ನು ಗುರುತಿಸಿದ. 1880ರ ದಶಕದಲ್ಲಿ ಕೋಪನ್‌ಹೇಗನ್ನಿನ ಕಿವುಡ ಮಕ್ಕಳ ಶಾಲೆಯ ಮುಖ್ಯಸ್ಥ ಮಾಲಿಂಗ್-ಹ್ಯಾನ್ಸೆನ್ ತನ್ನ ವಿದ್ಯಾರ್ಥಿಗಳನ್ನು ದಿನದಿನವೂ ತೂಗಿಸಿ ಅಳೆಸಿದ. ವಸಂತದಿಂದ ಬೇಸಿಗೆಯವರೆಗೆ ಎತ್ತರ ಚುರುಕು, ಬೇಸಿಗೆಯ ಕೊನೆಯಿಂದ ಚಳಿಗಾಲದ ಬಾಗಿಲವರೆಗೆ ತೂಕ ಚುರುಕು ಎಂಬುದು ಅವನ ಪಟ್ಟಿಗಳಲ್ಲಿ ಎದ್ದು ಕಂಡಿತು.

ಸೆಖೆಯೋ ಊಟವೋ ಬೆಳಕೋ, ಯಾವುದರಿಂದ? ಸುಳಿವು ಸಿಕ್ಕಿದ್ದು ಅಂಧ ಮಕ್ಕಳಿಂದ. 1971ರಲ್ಲಿ ಬ್ರಿಟನ್ನಿನ ಮಾರ್ಷಲ್ ಮತ್ತು ಸ್ವಾನ್ ಪ್ರಕಟಿಸಿದ ಅಧ್ಯಯನದಲ್ಲಿ, ಕಣ್ಣು ಕಾಣುವ ಮಕ್ಕಳ ಬೆಳವಣಿಗೆಯ ವೇಗ ಕ್ಯಾಲೆಂಡರಿಗೆ ತಕ್ಕಂತೆ ಏರಿಳಿಯುತ್ತಿತ್ತು. ಪೂರ್ತಿ ಅಂಧರಾದ ಮಕ್ಕಳಲ್ಲೂ ಏರಿಳಿತವಿತ್ತು, ಆದರೆ ಅದು ಒಬ್ಬೊಬ್ಬರಲ್ಲಿ ಒಂದೊಂದು ತಿಂಗಳಲ್ಲಿ ಬರುತ್ತಿತ್ತು. ಅಂದರೆ ಏರಿಳಿತ ದೇಹದ್ದೇ. ಅದನ್ನು ಋತುವಿಗೆ ಹೊಂದಿಸುವುದು ಕಣ್ಣಿನ ಮೂಲಕ ಬರುವ ಬೆಳಕು ಇರಬಹುದು. ಅಕ್ಷಿಪಟಲಕ್ಕೆ ಬಿದ್ದ ಬೆಳಕು ಮೆದುಳಿನ ಗಡಿಯಾರಕ್ಕೂ ಅಲ್ಲಿಂದ ಮೆದುಳಿನಲ್ಲೇ ಇರುವ ಪೀನಿಯಲ್ ಗ್ರಂಥಿಗೂ ಸುದ್ದಿ ಮುಟ್ಟಿಸುತ್ತದೆ. ರಾತ್ರಿ ಉದ್ದವಾದಷ್ಟೂ ಆ ಗ್ರಂಥಿಯಿಂದ ಮೆಲಟೋನಿನ್ ಎಂಬ ಹಾರ್ಮೋನ್ ಸುರಿಯುವ ಹೊತ್ತು ಉದ್ದವಾಗುತ್ತದೆ. ಇಷ್ಟು ಗಟ್ಟಿ. ಅಲ್ಲಿಂದ ಎಲುಬಿನ ತುದಿಯ ಬೆಳೆಯುವ ಮೃದ್ವಸ್ಥಿಯವರೆಗಿನ ದಾರಿ ಇನ್ನೂ ಊಹೆಯೇ.

ಇನ್ನು ನಮ್ಮ ಊರಿಗೆ ಬನ್ನಿ. ಕೋಪನ್‌ಹೇಗನ್ನಿನಲ್ಲಿ ಜೂನ್ ಹಗಲು 17 ಗಂಟೆ ಮೀರುತ್ತದೆ, ಡಿಸೆಂಬರ್ ಹಗಲು 7 ಗಂಟೆಗೆ ಕುಗ್ಗುತ್ತದೆ. ಬೆಂಗಳೂರಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆ. ಬೀದರಿಗೆ ಹೋದರೂ ಸುಮಾರು 2 ಗಂಟೆ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಮಗುವಿನ ಎತ್ತರದ ಹೊಣೆ ಹೊರಿಸುವುದು ಅತಿಯಾಯಿತು. ನಮ್ಮಂಥ ಕಡೆ ಋತು ಕೆಲಸ ಮಾಡುವುದು ಬೇರೆ ದಾರಿಯಲ್ಲಿ: ಮಳೆಗಾಲದ ಭೇದಿ, ಮತ್ತೆ ಮತ್ತೆ ಬರುವ ಜ್ವರ, ಊಟ ಸೇರದ ವಾರಗಳು. ಆಫ್ರಿಕಾದ ಗ್ಯಾಂಬಿಯಾದಲ್ಲಿ ಮಳೆಗಾಲವೆಂದರೆ ಕಣಜ ಬರಿದಾಗಿ ಸೋಂಕು ಹೆಚ್ಚುವ ಕಾಲ. ಎಳೆಮಕ್ಕಳ ತೂಕ ಕುಸಿಯುವುದೂ ಆಗಲೇ.

ಲಂಡನ್ನಿಗೋ ಸ್ವೀಡನ್ನಿಗೋ ಹೋಗಿ ನೆಲೆಸಿದ ಕನ್ನಡದ ಮನೆಗಳ ಲೆಕ್ಕ ಬೇರೆ. ಅಲ್ಲಿ ಎರಡು ವಿಷಯ ಕಲಸಿಹೋಗುತ್ತವೆ. ಕಣ್ಣಿಗೆ ಬೀಳುವ ಬೆಳಕು ಒಂದು, ಚರ್ಮಕ್ಕೆ ಬಿದ್ದು ವಿಟಮಿನ್ ಡಿ ಮಾಡಿಸುವ ಯುವಿ-ಬಿ (ಬಿಸಿಲಿನ ಒಂದು ಬಗೆಯ ನೇರಳಾತೀತ) ಕಿರಣ ಇನ್ನೊಂದು. ಕಿಟಕಿ ಗಾಜಿನ ಹಿಂದೆ ಕೂತ ಮಗುವಿಗೆ ಮೊದಲನೆಯದು ಸಿಗುತ್ತದೆ, ಎರಡನೆಯದು ಸಿಗುವುದಿಲ್ಲ. ಯುವಿ-ಬಿಯನ್ನು ಗಾಜು ತಡೆದುಬಿಡುತ್ತದೆ. ಬ್ರಿಟನ್ನಿನಲ್ಲಿ ಅಕ್ಟೋಬರ್‌ನಿಂದ ಮಾರ್ಚ್ ಆರಂಭದವರೆಗೆ ಹೊರಗೆ ನಿಂತರೂ ವಿಟಮಿನ್ ಡಿ ತಯಾರಾಗುವಷ್ಟು ಯುವಿ-ಬಿ ಇರುವುದಿಲ್ಲ, ನಮ್ಮ ಕಪ್ಪು ಚರ್ಮಕ್ಕೆ ಬೇಸಿಗೆಯಲ್ಲೂ ಹೆಚ್ಚು ಹೊತ್ತು ಬೇಕು. ಆ ದೇಶದ ಸಲಹೆ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಯೂನಿಟ್. 1ರಿಂದ 4 ವರ್ಷದವರಿಗೆ ವರ್ಷವಿಡೀ. ಇದು ಕಾಲು ಬಿಲ್ಲಾಗದಂತೆ, ಎಲುಬು ಮೆತ್ತಗಾಗದಂತೆ ಕೊಡುವುದು. ವಿಟಮಿನ್ ಡಿ ಸಾಕಷ್ಟಿರುವ ಮಗುವಿಗೆ ಇನ್ನಷ್ಟು ಹನಿ ಹಾಕಿದರೆ ಎತ್ತರ ಬರುವುದಿಲ್ಲ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಮೂತ್ರಪಿಂಡಕ್ಕೆ ಪೆಟ್ಟು.

ಬೆಳಕಿಗಿಂತ ಹೆಚ್ಚು ಮೋಸ ಮಾಡುವುದು ಅಳತೆಪಟ್ಟಿ. ನುರಿತ ಕೈ ಅಳೆದರೂ 3–4 ಮಿ.ಮೀ. ಆಚೀಚೆ ಆಗುತ್ತದೆ. ಮೇ ತಿಂಗಳ ಅಳತೆ 3 ಮಿ.ಮೀ. ಹೆಚ್ಚು, ಆಗಸ್ಟಿನದು 3 ಮಿ.ಮೀ. ಕಡಿಮೆ ಬಂತು ಎನ್ನಿ. ಮೂರು ತಿಂಗಳಲ್ಲಿ ನಿಜವಾಗಿ ಬೆಳೆದ 14 ಮಿ.ಮೀ. ಕಾಗದದ ಮೇಲೆ 8 ಆಯಿತು. ಅದನ್ನು ನಾಲ್ಕರಿಂದ ಗುಣಿಸಿದರೆ ವರ್ಷಕ್ಕೆ 3.2 ಸೆಂ.ಮೀ., ಮನೆಮಂದಿಗೆಲ್ಲ ಗಾಬರಿ, ರಕ್ತಪರೀಕ್ಷೆಗೆ ಚೀಟಿ. ಇದರ ಮೇಲೆ ದಿನದ ಕುಗ್ಗುವಿಕೆ ಬೇರೆ: ಎದ್ದು ಓಡಾಡಿದಂತೆ ಬೆನ್ನೆಲುಬಿನ ನಡುವಿನ ಬಿಲ್ಲೆಗಳು ಅದುಮಿ, ಬೆಳಗಿನ ಎತ್ತರ ಸಂಜೆಗೆ ಸುಮಾರು 1 ಸೆಂ.ಮೀ.ವರೆಗೂ ಇಳಿಯುತ್ತದೆ.

ಹಾಗಾಗಿ ಒಂದೇ ಹೊತ್ತಿಗೆ, ಒಂದೇ ಗೋಡೆಗೆ, ಆದಷ್ಟು ಒಬ್ಬರೇ ಅಳೆಯಿರಿ. ಗೋಡೆಯ ಬುಡದಲ್ಲಿ ಟೈಲ್ಸ್ ಪಟ್ಟಿ ಮುಂದಕ್ಕೆ ಚಾಚಿದ್ದರೆ ಹಿಮ್ಮಡಿ ಗೋಡೆಗೆ ತಾಗುವುದೇ ಇಲ್ಲ. ಬಾಗಿಲ ಚೌಕಟ್ಟು ವಾಸಿ. ಚಪ್ಪಲಿ, ಕಾಲುಚೀಲ ತೆಗೆಸಿ, ಜಡೆ ಬಿಚ್ಚಿಸಿ. ಹಿಮ್ಮಡಿ, ಕುಂಡಿ, ಬೆನ್ನು ತಾಗಿರಲಿ. ತಲೆಯನ್ನು ಗೋಡೆಗೆ ಒತ್ತಿಸುವುದು ಎಲ್ಲರೂ ಮಾಡುವ ತಪ್ಪು, ಗದ್ದ ಮೇಲೆದ್ದು ಅಳತೆ ಕೆಡುತ್ತದೆ. ಕಣ್ಣುಗುಳಿಯ ಕೆಳ ಅಂಚು, ಕಿವಿಯ ತೂತು ಒಂದೇ ಮಟ್ಟದಲ್ಲಿರಬೇಕು. ನೆತ್ತಿಯ ಮೇಲೆ ದಪ್ಪ ರಟ್ಟಿನ ಪುಸ್ತಕವನ್ನು ಗೋಡೆಗೆ ಮೂಲೆ ಕೂರಿಸಿ ಇಳಿಸಿ, ಅದರ ಕೆಳಅಂಚಿಗೆ ಗೆರೆ ಎಳೆಯಿರಿ. ಮೂರು ಸಲ ಅಳೆದು ಸರಾಸರಿ ಬರೆಯಿರಿ. ಟೈಲರ್ ಟೇಪು ಬೇಡ, ಹಳೆಯದಾದಂತೆ ಹಿಗ್ಗುತ್ತದೆ. ಎರಡು ವರ್ಷದೊಳಗೆ ಮಲಗಿಸಿ ಅಳೆಯುತ್ತಾರೆ, ಆಮೇಲೆ ನಿಲ್ಲಿಸಿ. ಆ ಬದಲಾವಣೆಯಲ್ಲೇ ಸುಮಾರು 0.7 ಸೆಂ.ಮೀ. ‘ಕಳೆದುಹೋಗುತ್ತದೆ’.

ವೇಗ ಲೆಕ್ಕ ಹಾಕಲು ಹನ್ನೆರಡು ತಿಂಗಳ ಅಂತರವೇ ಒಳ್ಳೆಯದು, ಆಗ ಋತುವಿನ ಏರಿಳಿತ ತಾನೇ ವಜಾ ಆಗುತ್ತದೆ. ಆರು ತಿಂಗಳಿಗಿಂತ ಕಡಿಮೆ ಬೇಡ. ಉತ್ತರದ ದೇಶಗಳಲ್ಲಿ ಬೆಳವಣಿಗೆ ಹಾರ್ಮೋನ್ ಇಂಜೆಕ್ಷನ್ ಪಡೆಯುವ ಮಗುವಿಗೂ ಚಳಿಗಾಲದ ಒಂದೇ ಅಳತೆ ನೋಡಿ ಡೋಸ್ ಏರಿಸುವುದು ಅವಸರ. ಐದು ವರ್ಷ ದಾಟಿದ ಮಗು ಇಡೀ ವರ್ಷದಲ್ಲಿ 4 ಸೆಂ.ಮೀ. ಮುಟ್ಟದಿದ್ದರೆ, ಅಥವಾ ಬೆಳವಣಿಗೆ ಚಾರ್ಟಿನಲ್ಲಿ ತನ್ನ ಗೆರೆ ಬಿಟ್ಟು ಕೆಳಗಿಳಿಯುತ್ತಿದ್ದರೆ, ಋತು ನೋಡದೆ ವೈದ್ಯರ ಬಳಿ ಹೋಗಿ: ಥೈರಾಯ್ಡ್, ಸೀಲಿಯಾಕ್ (ಗೋಧಿಯ ಗ್ಲುಟೆನ್ ಕರುಳಿಗೆ ಒಗ್ಗದ ಕಾಯಿಲೆ), ಮೂತ್ರಪಿಂಡ, ಹೆಣ್ಣುಮಗುವಾದರೆ ಟರ್ನರ್ ಸಿಂಡ್ರೋಮ್ (ಎಕ್ಸ್ ಕ್ರೋಮೋಸೋಮಿನ ಕೊರತೆ) ಪರೀಕ್ಷೆಯ ಪಟ್ಟಿಯಲ್ಲಿರುತ್ತವೆ.

ಗೋಡೆಯ ಗೆರೆಯ ಪಕ್ಕ ತಾರೀಖಿನ ಜೊತೆ ಗಂಟೆಯನ್ನೂ ಬರೆಯಿರಿ. ಹಬ್ಬಕ್ಕೆ ಸುಣ್ಣ ಹೊಡೆಸುವ ಮೊದಲು ಅವನ್ನೆಲ್ಲ ಲಸಿಕೆ ಕಾರ್ಡಿನ ಹಿಂದೆ ಇಳಿಸಿಕೊಳ್ಳಿ.