ಕೆಲಸ ಹುಡುಕುವುದಕ್ಕೂ ದುಡ್ಡು ಬೇಕು: ದಕ್ಷಿಣ ಆಫ್ರಿಕಾದ ಯುವಜನರ ಪಾಡು

ದಕ್ಷಿಣ ಆಫ್ರಿಕಾದಲ್ಲಿ ಜೂನ್ 16 ಸರ್ಕಾರಿ ರಜೆ, ಯುವಜನ ದಿನ. 1976ರ ಆ ಬೆಳಿಗ್ಗೆ ಜೋಹಾನ್ಸ್‌ಬರ್ಗ್ ಪಕ್ಕದ ಸೊವೆಟೊದಲ್ಲಿ ಸಾವಿರಾರು ಕಪ್ಪು ಮಕ್ಕಳು ಶಾಲೆಯ ಸಮವಸ್ತ್ರದಲ್ಲೇ ಬೀದಿಗಿಳಿದರು. ಗಣಿತ, ಸಮಾಜ ಪಾಠಗಳನ್ನು ದೇಶವನ್ನಾಳುತ್ತಿದ್ದ ಬಿಳಿಯರ ಆಫ್ರಿಕಾನ್ಸ್ ಭಾಷೆಯಲ್ಲೇ ಕಲಿಯಬೇಕೆಂಬ ಆದೇಶದ ವಿರುದ್ಧ ಅವರು ಹೊರಟಿದ್ದರು. ಪೊಲೀಸರು ಗುಂಡು ಹಾರಿಸಿದರು. ಗುಂಡೇಟು ತಿಂದ ಬಾಲಕ ಹೆಕ್ಟರ್ ಪೀಟರ್ಸನ್‌ನನ್ನು ಎತ್ತಿಕೊಂಡು ಓಡುತ್ತಿರುವ ಯುವಕ, ಪಕ್ಕದಲ್ಲಿ ಅಳುತ್ತಾ ಓಡುವ ಹೆಕ್ಟರ್‌ನ ಅಕ್ಕ. ಸ್ಯಾಮ್ ಎನ್‌ಜಿಮಾ ತೆಗೆದ ಆ ಚಿತ್ರವನ್ನು ಜಗತ್ತೆಲ್ಲ ನೋಡಿತು.

ಬೆಂಕಿ ಹತ್ತಿದ್ದು ಭಾಷೆಯಿಂದ. ಸೌದೆ ಒಟ್ಟುವ ಕೆಲಸ ಬಹಳ ಹಿಂದೆಯೇ ಶುರುವಾಗಿತ್ತು. 1913ರ ಭೂ ಕಾಯ್ದೆ ಬಹುಸಂಖ್ಯಾತ ಕಪ್ಪುವರ್ಣೀಯರಿಗೆ ಬಿಟ್ಟದ್ದು ದೇಶದ ನೆಲದಲ್ಲಿ ಸುಮಾರು ಶೇ 7. ಹೊಲ ಕಳೆದುಕೊಂಡವರು ಗಣಿಗಳಿಗೆ, ಬಿಳಿಯರ ತೋಟಗಳಿಗೆ ಕೂಲಿಯಾಗಿ ಹೋದರು. 1950ರ ಕಾಯ್ದೆಯೊಂದು ಯಾವ ಜನಾಂಗ ಯಾವ ಬಡಾವಣೆಯಲ್ಲಿ ವಾಸಿಸಬೇಕೆಂದು ಗೆರೆ ಎಳೆದು, ಕಪ್ಪು ಜನರನ್ನು ಊರಾಚೆಗೆ ದೂಡಿತು.

ಎಲ್ಲಕ್ಕಿಂತ ಕ್ರೂರವಾದದ್ದು 1953ರ ಬಂಟು (ಸರ್ಕಾರ ಕಪ್ಪು ಜನರನ್ನು ಕರೆಯುತ್ತಿದ್ದ ಹೆಸರು) ಶಿಕ್ಷಣ ಕಾಯ್ದೆ ಎಂದು ನನಗನ್ನಿಸುತ್ತದೆ. ಬದುಕಿನಲ್ಲಿ ಬಳಸಲು ಆಗದ ಗಣಿತವನ್ನು ಬಂಟು ಮಗುವಿಗೆ ಕಲಿಸಿ ಏನು ಪ್ರಯೋಜನ ಎಂದು ಸಚಿವ ಹೆಂಡ್ರಿಕ್ ವೆರ್ವೂರ್ಡ್ ಸಂಸತ್ತಿನಲ್ಲೇ ಕೇಳಿದ್ದರು. 1975–76ರಲ್ಲಿ ಸರ್ಕಾರ ಒಂದು ಬಿಳಿಯ ಮಗುವಿನ ಓದಿಗೆ ವರ್ಷಕ್ಕೆ 644 ರ್ಯಾಂಡ್ (ಅಲ್ಲಿನ ನಾಣ್ಯ) ಖರ್ಚು ಮಾಡುತ್ತಿತ್ತು, ಕಪ್ಪು ಮಗುವಿಗೆ 42. ಹಾಗೆ ಓದಿದವರೇ ಮುಂದೆ ಅಪ್ಪ ಅಮ್ಮಂದಿರಾದರು, ಅವರಲ್ಲಿ ಕೆಲವರು ಮೇಷ್ಟರಾದರು.

1994ರಲ್ಲಿ ಮಂಡೇಲಾ ಅಧ್ಯಕ್ಷರಾದರು. ಅಷ್ಟರಲ್ಲಿ ಆ ಕಾನೂನುಗಳು ಹೋಗಿದ್ದವು. 1998ರಿಂದ ಬಡ ಮಕ್ಕಳಿಗೆ ಮಾಸಾಶನ ಬಂತು, ಆಮೇಲೆ ಬಡ ಪ್ರದೇಶಗಳ ಶಾಲೆಗಳಲ್ಲಿ ಶುಲ್ಕ ರದ್ದಾಯಿತು. ಆದರೂ 2021ರ ಅಂತರರಾಷ್ಟ್ರೀಯ ಪರೀಕ್ಷೆಯೊಂದರಲ್ಲಿ ನಾಲ್ಕನೇ ತರಗತಿಯ ಶೇ 81 ಮಕ್ಕಳಿಗೆ ಓದಿದ್ದನ್ನು ಅರ್ಥಮಾಡಿಕೊಳ್ಳಲು ಆಗಲಿಲ್ಲ. ಕಾಲೇಜು ಮೆಟ್ಟಿಲು ಹತ್ತಿದವರಿಗೂ ಫೀಸಿನ ಹೊರೆ ಇತ್ತು. 2015ರ ಅಕ್ಟೋಬರಿನಲ್ಲಿ ಜೋಹಾನ್ಸ್‌ಬರ್ಗಿನ ವಿಟ್ಸ್ ವಿಶ್ವವಿದ್ಯಾಲಯ ಶುಲ್ಕ ಏರಿಸಹೊರಟಾಗ ಎದ್ದ ಚಳವಳಿ ದೇಶವನ್ನೆಲ್ಲ ಹಬ್ಬಿ, ಸರ್ಕಾರ ಆ ಏರಿಕೆಯನ್ನು ಕೈಬಿಟ್ಟಿತು. 2017ರ ಕೊನೆಗೆ, ವರ್ಷಕ್ಕೆ 3.5 ಲಕ್ಷ ರ್ಯಾಂಡ್‌ವರೆಗೆ ಆದಾಯವಿರುವ ಮನೆಗಳ ಮಕ್ಕಳಿಗೆ ಉಚಿತ ಉನ್ನತ ಶಿಕ್ಷಣ ಘೋಷಣೆಯಾಯಿತು. ಇದು ವಿದ್ಯಾರ್ಥಿಗಳು ಹೋರಾಡಿ ಗೆದ್ದದ್ದು.

ಆದರೆ ಊರಾಚೆಯ ಬಡಾವಣೆಗಳು ಇದ್ದಲ್ಲೇ ಇವೆ. ಸರ್ಕಾರವೇ ಬಡವರಿಗೆ ಕಟ್ಟಿಸಿದ ಮನೆಗಳೂ ಎಷ್ಟೋ ಕಡೆ ಜಾಗ ಅಗ್ಗವಾಗಿದ್ದ ಊರಂಚಿನಲ್ಲೇ ಎದ್ದವು. ಕೆಲಸವಿರುವುದು ನಗರದ ನಡುವೆ. ಅರ್ಜಿ ಕೊಡಲು, ಸಂದರ್ಶನಕ್ಕೆ ಹೋಗಲು ಮಿನಿಬಸ್ ಟ್ಯಾಕ್ಸಿಗೆ ದುಡ್ಡು ಬೇಕು. ಅದು ಅಜ್ಜಿಯ ಪಿಂಚಣಿಯಿಂದಲೋ ತಮ್ಮನ ಮಾಸಾಶನದಿಂದಲೋ ಬರಬೇಕು. ದುಡಿಯಲು ಸಿದ್ಧರಿರುವ 15ರಿಂದ 24ರ ವಯಸ್ಸಿನವರಲ್ಲಿ ಶೇ 60ರ ಆಸುಪಾಸು ಜನರಿಗೆ ಕೆಲಸವಿಲ್ಲದ ದೇಶದಲ್ಲಿ, ಇವರು ಸೋಮಾರಿಗಳು ಎಂಬ ಮಾತು ನನಗೆ ಸಿಟ್ಟು ತರಿಸುತ್ತದೆ.

2020ರ ಕೊನೆಯಿಂದ ಸರ್ಕಾರ ಲಕ್ಷಾಂತರ ಯುವಕ ಯುವತಿಯರನ್ನು ಅವರವರ ಮನೆ ಹತ್ತಿರದ ಶಾಲೆಗಳಲ್ಲೇ ಸಹಾಯಕರನ್ನಾಗಿ ತೆಗೆದುಕೊಂಡಿತು. ಮಕ್ಕಳಿಗೆ ಓದು ಹೇಳಿಕೊಡುವವರೂ ಅವರಲ್ಲಿದ್ದರು. ಬಸ್ಸಿನ ಖರ್ಚಿಲ್ಲ, ಕೈಗೆ ಮೊದಲ ಸಂಬಳ, ಮುಂದಿನ ಅರ್ಜಿಯಲ್ಲಿ ಬರೆಯಲು ಒಂದು ಅನುಭವ. ಒಪ್ಪಂದ ಮಾತ್ರ ಕೆಲವೇ ತಿಂಗಳದ್ದು. ಅದು ಮುಗಿದ ಮರುದಿನ ಮತ್ತೆ ಟ್ಯಾಕ್ಸಿ ದುಡ್ಡಿಗೆ ಅಜ್ಜಿಯ ಮುಂದೆ ನಿಲ್ಲಬೇಕು.