ಕ್ಲಸ್ಟರ್‌ನಲ್ಲಿ ಡೇಟಾಬೇಸ್: ಆರಂಭಿಸುವುದಕ್ಕಿಂತ ನಿಲ್ಲಿಸುವುದೇ ಕಷ್ಟ

ವರ್ಷದಲ್ಲಿ ಶೇ. 99.99ರಷ್ಟು ಕಾಲ ಡೇಟಾಬೇಸ್ ಲಭ್ಯವಿರಬೇಕೆಂದರೆ, ಅದು ನಿಲ್ಲಬಹುದಾದ ಒಟ್ಟು ಅವಧಿ ಸುಮಾರು 53 ನಿಮಿಷ ಮಾತ್ರ. ಕೆಟ್ಟದ್ದನ್ನು ಪತ್ತೆ ಹಚ್ಚಿ ಮನುಷ್ಯರೇ ಸರಿಪಡಿಸಲು ಹೊರಟರೆ ಒಂದೇ ಅವಘಡಕ್ಕೆ ಅಷ್ಟೂ ಸಮಯ ಖರ್ಚಾಗಿಬಿಡಬಹುದು. ಆದ್ದರಿಂದಲೇ ಹಲವು ಸರ್ವರ್‌ಗಳನ್ನು ಕ್ಲಸ್ಟರ್ ಆಗಿ ಜೋಡಿಸಿ, ಒಂದು ಕೆಟ್ಟಾಗ ಅದರ ಕೆಲಸವನ್ನು ಇನ್ನೊಂದಕ್ಕೆ ವಹಿಸುವ ನಿರ್ಧಾರವನ್ನು ಪೇಸ್‌ಮೇಕರ್‌ನಂತಹ ತಂತ್ರಾಂಶಕ್ಕೆ ಬಿಡಲಾಗುತ್ತದೆ.

ಪೇಸ್‌ಮೇಕರ್‌ನ ಲೆಕ್ಕದಲ್ಲಿ ಡೇಟಾಬೇಸ್ ಎಂಬುದು ಒಂದೇ ವಸ್ತುವಲ್ಲ. ದತ್ತಾಂಶವಿರುವ ಡಿಸ್ಕ್, ಬಳಕೆದಾರರು ಸಂಪರ್ಕಿಸುವ ಐಪಿ ವಿಳಾಸ, ಡೇಟಾಬೇಸ್ ಸೇವೆ, ಇವೆಲ್ಲ ಬೇರೆ ಬೇರೆ ರಿಸೋರ್ಸ್‌ಗಳು, ಅಂದರೆ ಅದು ನೋಡಿಕೊಳ್ಳುವ ಘಟಕಗಳು. ಮೂರೂ ಒಂದೇ ಸರ್ವರ್‌ನಲ್ಲಿರಬೇಕು ಎಂಬುದು ಒಂದು ನಿಯಮ, ಡಿಸ್ಕ್ ಸಿದ್ಧವಾದ ಮೇಲಷ್ಟೇ ಡೇಟಾಬೇಸ್ ಆರಂಭವಾಗಬೇಕು ಎಂಬುದು ಇನ್ನೊಂದು. ಅವುಗಳನ್ನು ಒಂದು ಗುಂಪಾಗಿ ಸೇರಿಸಿದರೆ ಈ ಎರಡೂ ನಿಯಮಗಳು ಒಟ್ಟಿಗೇ ಅನ್ವಯವಾಗುತ್ತವೆ. ಇಷ್ಟು ಸುಲಭದ ಭಾಗ.

ನಿಜವಾದ ತೊಡಕಿರುವುದು, ಹಳೆಯ ಸರ್ವರ್‌ನಲ್ಲಿ ಡೇಟಾಬೇಸ್ ನಿಂತಿದೆಯೆಂದು ಖಚಿತಪಡಿಸಿಕೊಳ್ಳುವುದರಲ್ಲಿ. ಒಂದು ಸರ್ವರ್ ಉತ್ತರಿಸದಿದ್ದರೆ ಅದು ಕೆಟ್ಟಿರಬಹುದು, ಇಲ್ಲವೇ ನಡುವಿನ ಜಾಲ ಮಾತ್ರ ಕಡಿದು ಅದು ತನ್ನ ಪಾಡಿಗೆ ದತ್ತಾಂಶವನ್ನು ಬರೆಯುತ್ತಲೇ ಇರಬಹುದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ. ಒಮ್ಮೆಗೆ ಒಂದೇ ಸರ್ವರ್ ಬಳಸಬೇಕಾದ ಸಾಮಾನ್ಯ ಫೈಲ್ ವ್ಯವಸ್ಥೆಯಿರುವ, ಹಂಚಿಕೊಂಡ ಡಿಸ್ಕಿನ ಮೇಲೆ ಹಳೆಯ ಮತ್ತು ಹೊಸ ಸರ್ವರ್‌ಗಳೆರಡೂ ಬರೆಯತೊಡಗಿದರೆ ದತ್ತಾಂಶವೇ ಹಾಳಾಗುತ್ತದೆ. ಹೀಗಾಗಿ ಮೂರು ಸರ್ವರ್‌ಗಳ ಕ್ಲಸ್ಟರ್‌ನಲ್ಲಿ ಎರಡಾದರೂ ಪರಸ್ಪರ ಸಂಪರ್ಕದಲ್ಲಿದ್ದರೆ ಮಾತ್ರ ಮುಂದುವರಿಯಬೇಕೆಂಬ ಬಹುಮತದ ಷರತ್ತಿನ ಜೊತೆಗೆ, ಸಂಶಯಾಸ್ಪದ ಸರ್ವರ್‌ನ ವಿದ್ಯುತ್ತನ್ನೇ ಕಡಿಯುವ ಫೆನ್ಸಿಂಗ್ ವ್ಯವಸ್ಥೆಯೂ ಬೇಕಾಗುತ್ತದೆ. ಪ್ರಯೋಗಕ್ಕೆಂದು ಫೆನ್ಸಿಂಗ್ ಅನ್ನು ನಿಷ್ಕ್ರಿಯಗೊಳಿಸಿ, ಆಮೇಲೆ ಹಾಗೆಯೇ ಬಿಡುವುದು ಇಡೀ ಏರ್ಪಾಡಿನ ಉದ್ದೇಶವನ್ನೇ ಕೆಡಿಸಿದಂತೆ.

ಕಾಲಮಿತಿಗಳ ವಿಷಯವೂ ಇದಕ್ಕೇ ಸೇರಿದ್ದು. ಬೇರೆ ಸೂಚನೆ ಇಲ್ಲದಿದ್ದರೆ ಪೇಸ್‌ಮೇಕರ್ ಪ್ರತಿ ಕ್ರಿಯೆಗೂ 20 ಸೆಕೆಂಡ್ ಕೊಡುತ್ತದೆ. ದೊಡ್ಡ ಡೇಟಾಬೇಸ್ ನಿಲ್ಲುವ ಮೊದಲು ಸ್ಮರಣೆಯಲ್ಲಿರುವುದನ್ನು ಡಿಸ್ಕಿಗೆ ಬರೆದು ಮುಗಿಸಬೇಕು. ಅದಕ್ಕೆ ನಿಮಿಷಗಳೇ ಬೇಕಾದೀತು. ಅಷ್ಟರೊಳಗೆ ಅವಧಿ ಮೀರಿದರೆ, ನಿಲ್ಲಿಸುವ ಯತ್ನ ವಿಫಲವಾಯಿತೆಂದು ಬಗೆದ ಕ್ಲಸ್ಟರ್ ಆರೋಗ್ಯವಂತ ಸರ್ವರ್‌ನ ವಿದ್ಯುತ್ತನ್ನೇ ಕಡಿಯುತ್ತದೆ. ಹಾಗೆ ಹಠಾತ್ತನೆ ನಿಂತ ಡೇಟಾಬೇಸ್ ಇನ್ನೊಂದು ಸರ್ವರ್‌ನಲ್ಲಿ ಏಳುವಾಗ ಬದಲಾವಣೆಗಳ ದಾಖಲೆಯಾದ ಲಾಗ್ ಓದಿ ಚೇತರಿಸಿಕೊಳ್ಳಬೇಕಾಗಿರುವುದರಿಂದ ಆರಂಭದ ಅವಧಿಯೂ ಸಾಲದೆ ಹೋಗಬಹುದು. ಈ ಅವಧಿಗಳನ್ನು ಅಂದಾಜಿನಿಂದಲ್ಲ, ಅತಿಹೆಚ್ಚು ಕೆಲಸದ ಹೊತ್ತಿನಲ್ಲಿ ಅಳೆದು ನೋಡಿಯೇ ನಿಗದಿಪಡಿಸಬೇಕು.

ಅವಸರದ ವರ್ಗಾವಣೆಗೆ ತೆರಬೇಕಾದ ಬೆಲೆಗೆ, ತಂತ್ರಾಂಶಗಳ ಕೋಡ್ ಇರಿಸುವ ಜಾಲತಾಣವಾದ ಗಿಟ್‌ಹಬ್‌ನ ಉದಾಹರಣೆಯಿದೆ. ಅಲ್ಲಿದ್ದುದು ಹಂಚಿಕೊಂಡ ಡಿಸ್ಕ್ ಅಲ್ಲ, ದತ್ತಾಂಶದ ಪ್ರತಿಗಳನ್ನು ಇಟ್ಟುಕೊಳ್ಳುವ ಮೈಎಸ್‌ಕ್ಯೂಎಲ್ ಡೇಟಾಬೇಸ್ ಸರ್ವರ್‌ಗಳು. ಅವುಗಳನ್ನು ನೋಡಿಕೊಳ್ಳುತ್ತಿದ್ದುದು ಆರ್ಕೆಸ್ಟ್ರೇಟರ್ ಎಂಬ ತಂತ್ರಾಂಶ. 2018ರ ಅಕ್ಟೋಬರ್ 21ರಂದು ಅಮೆರಿಕದ ಪೂರ್ವ ಕರಾವಳಿಯ ದತ್ತಾಂಶ ಕೇಂದ್ರದ ಸಂಪರ್ಕ 43 ಸೆಕೆಂಡ್ ಕಡಿದಾಗ, ಮುಖ್ಯ ಡೇಟಾಬೇಸ್‌ನ ಪಾತ್ರವನ್ನು ಆರ್ಕೆಸ್ಟ್ರೇಟರ್ ಪಶ್ಚಿಮ ಕರಾವಳಿಗೆ ವರ್ಗಾಯಿಸಿತು. ಪೂರ್ವದಲ್ಲಿ ಅದಾಗಲೇ ಬರೆದಿದ್ದ ಕೆಲವು ದಾಖಲೆಗಳು ಪಶ್ಚಿಮವನ್ನು ತಲುಪಿರಲಿಲ್ಲ. ಸೇವೆ ಪೂರ್ಣವಾಗಿ ಸರಿಹೋಗಲು 24 ಗಂಟೆ 11 ನಿಮಿಷ ಹಿಡಿಯಿತು. ಪ್ರದೇಶದ ಗಡಿ ದಾಟಿ ಮುಖ್ಯ ಡೇಟಾಬೇಸ್ ಸ್ಥಳಾಂತರಗೊಳ್ಳದಂತೆ ಆರ್ಕೆಸ್ಟ್ರೇಟರ್‌ನ ಸಂರಚನೆಯನ್ನು ಬದಲಿಸುವುದು, ಆ ಘಟನೆಯ ನಂತರ ಗಿಟ್‌ಹಬ್ ಪ್ರಕಟಿಸಿದ ಕ್ರಮಗಳಲ್ಲಿ ಒಂದು.